ಎರಡು ಸಾವಿರ ಬುಕ್‌ಮಾರ್ಕ್, ನಾಲ್ಕು ಸಾಧನ, ಒಂದು ಡಿಲೀಟ್

ಅಕ್ಕ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ. "ಎಲ್ಲಾ ಹೋಯ್ತು ಕಣೋ" ಅಂದಳು. ಏನು ಹೋಯ್ತು ಅಂತ ಕೇಳುವ ಮೊದಲೇ "ಫೋನಲ್ಲೂ ಇಲ್ಲ" ಅಂತ ಸೇರಿಸಿದಳು.

ಹೋಗಿದ್ದು ಅವಳ ಬುಕ್‌ಮಾರ್ಕ್‌ಗಳು. ಅಕ್ಕ ತಾಂತ್ರಿಕ ಕೈಪಿಡಿಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಪದಕೋಶಗಳು, ಯಂತ್ರದ ಬಿಡಿಭಾಗಗಳ ಚಿತ್ರಗಳು, ಯಾವುದೋ ಕಠಿಣ ಪದಕ್ಕೆ ಯಾರೋ ಎಂದೋ ಕೊಟ್ಟ ಒಳ್ಳೆಯ ಕನ್ನಡ ರೂಪ. ಹೀಗೆ ಹನ್ನೆರಡು ವರ್ಷದಿಂದ ಕೂಡಿಟ್ಟ ಎರಡು ಸಾವಿರಕ್ಕೂ ಜಾಸ್ತಿ ಲಿಂಕ್‌ಗಳು. ಬೇರೆಯವರು ನೋಡಿದರೆ ಕಸ ಅನ್ನಬಹುದು. ಅವಳ ದುಡಿಮೆ ನಡೆಯುವುದೇ ಅದರ ಮೇಲೆ.

ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಇದರಲ್ಲಿ ಅರ್ಧ ತಪ್ಪು ನನ್ನದು. ಅದು ಮುಂದೆ ಬರುತ್ತದೆ.

ಆದದ್ದು

ಎರಡು ವಾರದ ಹಿಂದೆ ಅವಳು ಹೊಸ ಲ್ಯಾಪ್‌ಟಾಪ್ ತಗೊಂಡಿದ್ದಳು. ಮೊದಲ ದಿನ ಬ್ರೌಸರ್ ತೆರೆದು ಎರಡು ಕೆಲಸ ಮಾಡಿದಳು. ಒಂದು, ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಬುಕ್‌ಮಾರ್ಕ್ ಫೈಲನ್ನು ಒಳಗೆ ತಂದಳು. ಅದು ಎಂಟು ತಿಂಗಳ ಹಿಂದಿನದು. ಎರಡು, ತನ್ನ ಅಕೌಂಟ್‌ಗೆ ಲಾಗಿನ್ ಆಗಿ ಸಿಂಕ್ ಚಾಲೂ ಮಾಡಿದಳು. ಎರಡರಲ್ಲಿ ಒಂದನ್ನು ಮಾಡಿದ್ದರೆ ಸಾಕಿತ್ತು. ಎರಡೂ ಮಾಡಿದ್ದರಿಂದ ಎಲ್ಲವೂ ಜೋಡಿ ಜೋಡಿಯಾಗಿ ಬಂದು ಕೂತವು. "ಫೈಲ್ ಒಂದನ್ನ ಯಾವಾಗಲೂ ಇಟ್ಟುಕೋ ಅಕ್ಕ, ಹೊಸ ಕಂಪ್ಯೂಟರ್ ತಗೊಂಡಾಗ ಬೇಕಾಗುತ್ತೆ" ಅಂದವನು ನಾನೇ. ಸಿಂಕ್ ಇದ್ದಾಗ ಏನು ಮಾಡಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಎರಡು ವಾರ ಸಹಿಸಿಕೊಂಡಳು. ಆ ಸಂಜೆ ತಾಳ್ಮೆ ಕೆಟ್ಟಿತು. ಬುಕ್‌ಮಾರ್ಕ್ ಮ್ಯಾನೇಜರ್ ತೆರೆದಳು. ಒಂದು ಕಡೆ 'ಇಂಪೋರ್ಟೆಡ್' ಅನ್ನುವ ಫೋಲ್ಡರ್, ಇನ್ನೊಂದು ಕಡೆ ಅದೇ ಹೆಸರುಗಳ ಸಾಲು ಫೋಲ್ಡರ್‌ಗಳು. ಇಂಪೋರ್ಟೆಡ್ ಅಂದರೆ ಈಗಷ್ಟೇ ತಂದದ್ದು, ಅಂದರೆ ಹೊಸದು, ಅಲ್ವಾ? ಹಾಗೆಂದುಕೊಂಡು ಉಳಿದದ್ದನ್ನೆಲ್ಲ ಆಯ್ದು ಡಿಲೀಟ್ ಒತ್ತಿದಳು. ನಿಜದಲ್ಲಿ ಇಂಪೋರ್ಟೆಡ್ ಇದ್ದದ್ದೇ ಹಳೆಯದು. ಅಳಿಸಿದ್ದು ಇವತ್ತಿನದು. ಸಮಾಧಾನವಾಗಲಿಲ್ಲವೆಂದು ಸ್ವಲ್ಪ ಹೊತ್ತಿನ ಮೇಲೆ ಇಂಪೋರ್ಟೆಡ್ ಒಳಗೂ ಕೈ ಹಾಕಿ, ಎರಡೆರಡು ಸಲ ಇರುವಂತೆ ಕಂಡದ್ದನ್ನೆಲ್ಲ ತೆಗೆದಳು. ಆಮೇಲೆ ಒಂದು ಪದಕೋಶ ಹುಡುಕಿದಳು. ಸಿಗಲಿಲ್ಲ. ಫೋನ್ ತೆಗೆದು ನೋಡಿದಳು. ಅಲ್ಲೂ ಇರಲಿಲ್ಲ.

ಯಾವ ಬ್ರೌಸರ್ ಅನ್ನುವುದು ಇಲ್ಲಿ ಮುಖ್ಯವಲ್ಲ. ಸಿಂಕ್ ಇರುವ ಕಡೆಯೆಲ್ಲ ಹೀಗೇ ಆಗುತ್ತದೆ. ಎಲ್ಲ ಸಾಧನಗಳಲ್ಲೂ ಒಂದೇ ಪಟ್ಟಿ ಇರುವಂತೆ ನೋಡಿಕೊಳ್ಳುವುದು ಸಿಂಕ್‌ನ ಕೆಲಸ. ನೀವು ಒಂದು ಲಿಂಕ್ ಸೇರಿಸಿದರೆ ಅದು ಎಲ್ಲ ಕಡೆ ಹೋಗುತ್ತದೆ. ಅಳಿಸಿದರೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆ ಅಳಿಸುತ್ತದೆ. ಬ್ಯಾಕಪ್ ನಿನ್ನೆಯದನ್ನು ಹಿಡಿದಿಡುತ್ತದೆ. ಸಿಂಕ್‌ಗೆ ನಿನ್ನೆಯ ನೆನಪೇ ಇಲ್ಲ. ನಾಲ್ಕು ಸಾಧನಗಳಲ್ಲಿ ಇದೆ ಅಂದಮೇಲೆ ನಾಲ್ಕು ಪ್ರತಿ ಇದೆ ಅಂತ ಅಕ್ಕ ನಂಬಿದ್ದಳು. ಇದ್ದದ್ದು ಒಂದೇ ಪ್ರತಿ, ನಾಲ್ಕು ಕಿಟಕಿ.

ಅಂದಹಾಗೆ, ಮ್ಯಾನೇಜರ್ ಮುಚ್ಚುವ ಮೊದಲು ಕಂಟ್ರೋಲ್ ಹಿಡಿದು ಝೆಡ್ ಒತ್ತಿದ್ದರೆ ಬಹುಪಾಲು ಅಲ್ಲೇ ವಾಪಸ್ ಬರುತ್ತಿತ್ತು. ಬರೀ ಬರವಣಿಗೆಗೆ ಅಂತ ನಾವೆಲ್ಲ ಅಂದುಕೊಂಡಿರುವ ಆ ಅನ್‌ಡೂ ಅಲ್ಲೂ ಕೆಲಸ ಮಾಡುತ್ತದೆ.

ರೂಟರ್ ಆರಿಸು ಮೊದಲು

"ಹಳೇ ಲ್ಯಾಪ್‌ಟಾಪ್ ಎಲ್ಲಿದೆ?" ಅಂತ ಕೇಳಿದೆ.

"ಬೀರುವಿನಲ್ಲಿದೆ. ತಗೊಂಡು ಆನ್ ಮಾಡ್ಲಾ?"

"ಬೇಡ!" ಅಂತ ಕೂಗಿದೆ. ಅವಳು ಬೆಚ್ಚಿಬಿದ್ದಿರಬೇಕು.

ಆ ಯಂತ್ರ ಎರಡು ವಾರದಿಂದ ಆರಿಸಿಟ್ಟದ್ದು. ಆವತ್ತಿನ ಗೊಂದಲ ಏನೂ ಅದಕ್ಕೆ ಗೊತ್ತಿಲ್ಲ. ಅದರ ಡಿಸ್ಕಿನಲ್ಲಿ ಎರಡು ವಾರದ ಹಿಂದಿನ ಪೂರ್ತಿ ಪಟ್ಟಿ ಇದ್ದೇ ಇರುತ್ತದೆ. ಆದರೆ ಅದು ಆನ್ ಆದ ಕೂಡಲೇ ತಾನಾಗಿಯೇ ವೈಫೈ ಹಿಡಿಯುತ್ತದೆ. ಬ್ರೌಸರ್ ತೆರೆದ ಕೆಲವೇ ಕ್ಷಣಗಳಲ್ಲಿ ಸರ್ವರ್ ಹತ್ತಿರ "ಏನಾದರೂ ಹೊಸದಿದೆಯಾ?" ಅಂತ ಕೇಳುತ್ತದೆ. "ಇದೆ, ಇವನ್ನೆಲ್ಲ ಅಳಿಸು" ಅಂತ ಉತ್ತರ ಬರುತ್ತದೆ. ಉಳಿದಿದ್ದ ಒಂದೇ ಪ್ರತಿಯೂ ಕಣ್ಣೆದುರೇ ಹೋಗುತ್ತದೆ.

ಹಾಗಾಗಿ ಮೊದಲು ರೂಟರ್‌ನ ಪ್ಲಗ್ ಕೀಳಿಸಿದೆ. ದೀಪಗಳು ಆರಿದವು ಅಂತ ಹೇಳುವವರೆಗೆ ಕಾದೆ. ಆಮೇಲೆ ಹಳೆಯ ಲ್ಯಾಪ್‌ಟಾಪ್ ಆನ್. ವೈಫೈ ಚಿಹ್ನೆ ಖಾಲಿ ಇದೆಯಾ ನೋಡು ಅಂದೆ. ಇದೆ ಅಂದಳು. ಬ್ರೌಸರ್ ತೆರೆದು ಬುಕ್‌ಮಾರ್ಕ್ ಮ್ಯಾನೇಜರ್‌ಗೆ ಹೋದಳು. ಒಂದು ಕ್ಷಣ ಸುಮ್ಮನಿದ್ದು "ಇದೆ ಕಣೋ" ಅಂದಳು. ದನಿ ಬೇರೆಯೇ ಆಗಿತ್ತು.

ಎಕ್ಸ್‌ಪೋರ್ಟ್ ಮಾಡಲು ಇಂಟರ್‌ನೆಟ್ ಬೇಡ. ಮ್ಯಾನೇಜರ್‌ನ ಮೆನುವಿನಿಂದ ಒಂದು ಎಚ್‌ಟಿಎಂಎಲ್ ಫೈಲ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಂಡಳು. ಫೈಲ್ ಹೆಸರಲ್ಲಿ ಆ ದಿನದ ತಾರೀಖು ಬರೆಸಿದೆ. ಆ ಪೆನ್‌ಡ್ರೈವ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆ ಅಂತ ಖಾತ್ರಿ ಆದಮೇಲೆ ಮಾತ್ರ ರೂಟರ್ ಹಾಕಲು ಬಿಟ್ಟೆ. ನಷ್ಟದ ಒಟ್ಟು ಲೆಕ್ಕ: ಎರಡು ವಾರದಲ್ಲಿ ಹೊಸದಾಗಿ ಸೇರಿಸಿದ ಕೆಲವು ಲಿಂಕ್‌ಗಳು. ಅವೂ ಹಿಸ್ಟರಿಯಲ್ಲಿ ಸಿಕ್ಕವು.

ಫೈರ್‌ಫಾಕ್ಸ್ ಆಗಿದ್ದರೆ ಇಷ್ಟು ಓಡಾಟ ಬೇಕಿರಲಿಲ್ಲ. ಅದು ಕಂಪ್ಯೂಟರ್‌ನಲ್ಲಿ ಬುಕ್‌ಮಾರ್ಕ್‌ಗಳ ಹಿಂದಿನ ಪ್ರತಿಗಳನ್ನು ತಾರೀಖು ಸಮೇತ ತಾನೇ ಇಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ 15ರವರೆಗೆ. ಲೈಬ್ರರಿ ಕಿಟಕಿಯ 'ರೀಸ್ಟೋರ್' ಒಳಗೆ ಅವು ಸಾಲಾಗಿ ಕಾಣುತ್ತವೆ. ಇದು ಗೊತ್ತಿರುವವರು ಕಡಿಮೆ.

ಮರುದಿನ ಆ ಎಚ್‌ಟಿಎಂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಅಕ್ಕನಿಗೆ ತೋರಿಸಿದೆ. ಮೊದಲ ಸಾಲಿನಲ್ಲೇ ನೆಟ್‌ಸ್ಕೇಪ್ ಅನ್ನುವ ಹೆಸರು. ಆ ಬ್ರೌಸರ್‌ಗೆ 2008ರ ಮಾರ್ಚ್ 1ಕ್ಕೇ ಬೆಂಬಲ ನಿಂತುಹೋಯಿತು. ಅದು ಹುಟ್ಟುಹಾಕಿದ ಫೈಲಿನ ರೂಪ ಮಾತ್ರ ಇನ್ನೂ ಬದುಕಿದೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಬುಕ್‌ಮಾರ್ಕ್ ಹೊರತೆಗೆಯುವುದು, ಒಳತರುವುದು ಅದೇ ರೂಪದಲ್ಲಿ. ಪ್ರತಿ ಲಿಂಕಿನ ಪಕ್ಕ ಹತ್ತು ಅಂಕಿಯ ಒಂದು ಸಂಖ್ಯೆ ಇರುತ್ತದೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆದಾಗ ಅದನ್ನು ಉಳಿಸಿದಿರಿ ಅನ್ನುವ ಲೆಕ್ಕ. ಅತಿ ಹಳೆಯದನ್ನು ತಾರೀಖಿಗೆ ತಿರುಗಿಸಿ ಕೊಟ್ಟೆ. ಅಕ್ಕ ಅನುವಾದ ಶುರು ಮಾಡಿದ ವಾರ ಅದು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದಳು.

ಎಲ್ಲೆಲ್ಲಿ ಏನೇನು

ವಾಪಸ್ ತಂದದ್ದಾಯಿತು. ಇನ್ನು ಅಚ್ಚುಕಟ್ಟು ಮಾಡೋಣ ಅಂತ ಕೂತಾಗ ಗೊತ್ತಾಯಿತು, ಎರಡು ಸಾವಿರ ಅನ್ನುವುದು ಬರೀ ಬ್ರೌಸರ್‌ನ ಲೆಕ್ಕ. ಆಫೀಸಿನ ಕಂಪ್ಯೂಟರ್‌ನಲ್ಲಿ ಬೇರೆಯೇ ಪಟ್ಟಿ ಇತ್ತು. ವಾಟ್ಸ್‌ಆಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಲಿಂಕ್‌ಗಳು ಇದ್ದವು. ತನಗೇ ಬರೆದುಕೊಂಡ ಇಮೇಲ್‌ಗಳು ಇದ್ದವು, ವಿಷಯದ ಜಾಗದಲ್ಲಿ "ನೋಡು" ಅಂತ ಮಾತ್ರ. ಲಿಂಕ್ ಕಾಪಿ ಮಾಡಲು ಬೇಜಾರಾದಾಗ ತೆಗೆದ ಸ್ಕ್ರೀನ್‌ಶಾಟ್‌ಗಳು ಬೇರೆ, ಅವುಗಳಲ್ಲಿ ವಿಳಾಸವೇ ಕತ್ತರಿಸಿಹೋಗಿತ್ತು. ಫೋನಿನ ಕ್ರೋಮ್‌ನಲ್ಲಿ ತೆರೆದಿಟ್ಟ ಟ್ಯಾಬ್‌ಗಳು 99 ದಾಟಿದ್ದವು. ಆಂಡ್ರಾಯ್ಡ್ ಕ್ರೋಮ್ ಅಲ್ಲಿಂದ ಮುಂದೆ ಎಣಿಸುವುದಿಲ್ಲ, ಅಂಕಿಯ ಜಾಗದಲ್ಲಿ ಒಂದು ನಗುಮುಖ ತೋರಿಸುತ್ತದೆ. "ಅದು ಯಾಕೆ ನಗುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ" ಅಂದಳು.

ಇನ್ನೊಂದು ಇತ್ತು. 'ಆಮೇಲೆ ಓದೋಣ' ಅಂತ ಲೇಖನಗಳನ್ನು ಇಡುವ ಒಂದು ಸೇವೆಯಲ್ಲಿ ಅವಳು ನೂರಾರು ಲೇಖನ ಇಟ್ಟಿದ್ದಳು. ಅದು ಬಾಗಿಲು ಹಾಕಿತ್ತು. ನಿಮ್ಮದನ್ನು ಇಷ್ಟರೊಳಗೆ ತಗೊಂಡುಹೋಗಿ ಅಂತ ಇಮೇಲ್ ಬಂದಿತ್ತು. ಓದದ ಇಮೇಲ್‌ಗಳ ರಾಶಿಯಲ್ಲಿ ಅದೂ ಒಂದು. ಆ ಲೇಖನಗಳು ಸಿಗಲಿಲ್ಲ.

ಇಂಥ ಸೇವೆಗಳು ಮುಚ್ಚುವುದು ಅಪರೂಪವೇನಲ್ಲ. ಲಿಂಕ್‌ಗಳಿಗೆ ಟ್ಯಾಗ್ (ವಿಷಯ ಗುರುತಿಸುವ ಚಿಕ್ಕ ಪದ) ಹಾಕಿ ಹಂಚಿಕೊಳ್ಳುವುದನ್ನು ಜನಪ್ರಿಯ ಮಾಡಿದ ಡೆಲಿಶಿಯಸ್ 2003ರಲ್ಲಿ ಶುರುವಾಯಿತು. 2005ರಲ್ಲಿ ಯಾಹೂ ಕೈಗೆ ಹೋಯಿತು. ಕೈಯಿಂದ ಕೈಗೆ ದಾಟಿ 2017ರಲ್ಲಿ, ಅದಕ್ಕೆ ಪೈಪೋಟಿಯಾಗಿ ಹುಟ್ಟಿದ್ದ ಪಿನ್‌ಬೋರ್ಡ್‌ನ ಪಾಲಾಯಿತು. ಬೇರೆ ಬೇರೆ ಬ್ರೌಸರ್‌ಗಳ ನಡುವೆ ಸಿಂಕ್ ಮಾಡುತ್ತಿದ್ದ ಎಕ್ಸ್‌ಮಾರ್ಕ್ಸ್ 2018ರ ಮೇ 1ಕ್ಕೆ ನಿಂತಿತು. ಗೂಗಲ್ ಬುಕ್‌ಮಾರ್ಕ್ಸ್ 2021ರ ಸೆಪ್ಟೆಂಬರ್‌ನಲ್ಲಿ ಹೋಯಿತು. 2007ರಲ್ಲಿ 'ರೀಡ್ ಇಟ್ ಲೇಟರ್' ಅಂತ ಹುಟ್ಟಿದ ಪಾಕೆಟ್ 2025ರ ಜುಲೈ 8ಕ್ಕೆ ಮುಚ್ಚಿತು. ಇವೆಲ್ಲ ಸಣ್ಣಪುಟ್ಟವೇನಲ್ಲ. ಹಾಗಾಗಿ ಹೊಸ ಸೇವೆ ನೋಡುವಾಗ ನಾನು ಮೊದಲು ಹುಡುಕುವುದು ಎಕ್ಸ್‌ಪೋರ್ಟ್ ಬಟನ್ ಎಲ್ಲಿದೆ ಅಂತ. ಒಳಗೆ ಹೋಗುವ ಮೊದಲು ಹೊರಗೆ ಬರುವ ಬಾಗಿಲು ಕಾಣಬೇಕು.

ಸೋಸುವುದು

ಎಲ್ಲವನ್ನೂ ಒಂದೇ ರಾಶಿ ಮಾಡಿಕೊಂಡೆವು. ಒಂದೇ ವಿಳಾಸ ಎರಡು ಸಲ ಇದ್ದರೆ ಹಿಡಿಯುವುದು ಸುಲಭ. ಒಂದೇ ಪುಟ ಬೇರೆ ಬೇರೆ ವಿಳಾಸದಲ್ಲಿ ಇದ್ದರೆ ಕಷ್ಟ. ಇಮೇಲ್‌ನಿಂದ, ಫೇಸ್‌ಬುಕ್‌ನಿಂದ ಬಂದ ಲಿಂಕ್‌ಗಳಿಗೆ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದನೆಯ ಬಾಲ ಇರುತ್ತದೆ. ನೀವು ಎಲ್ಲಿಂದ ಬಂದಿರಿ ಅನ್ನುವ ಗುರುತು ಅದು. ಬಾಲ ಕತ್ತರಿಸಿದರೂ ಪುಟ ತೆರೆಯುತ್ತದೆ. ಹಾಗಂತ ಎಲ್ಲ ಬಾಲಗಳನ್ನೂ ಕಣ್ಣುಮುಚ್ಚಿ ಕತ್ತರಿಸುವಂತಿಲ್ಲ. ಯೂಟ್ಯೂಬ್ ಲಿಂಕಿನಲ್ಲಿ ಯಾವ ವಿಡಿಯೊ ಅನ್ನುವುದೇ ಆ ಚಿಹ್ನೆಯ ನಂತರ ಬರುತ್ತದೆ. ನಾನು ಮೊದಲ ಸುತ್ತಿನಲ್ಲಿ ಅಲ್ಲೇ ಎಡವಿದೆ. ಬೇರೆ ಬೇರೆ ವಿಡಿಯೊಗಳೆಲ್ಲ ಒಂದೇ ಆಗಿ ಕಂಡವು. ಪ್ರತಿ ಇಟ್ಟುಕೊಂಡಿದ್ದರಿಂದ ಬಚಾವ್.

ಸತ್ತ ಲಿಂಕ್‌ಗಳು ಎಷ್ಟಿರಬಹುದು ಅಂತ ಅಕ್ಕ ಕೇಳಿದಳು. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ 38%ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು. ಅವಳ ಹಳೆಯ ಫೋಲ್ಡರ್‌ಗಳ ಕಥೆಯೂ ಅದಕ್ಕೆ ದೂರ ಇರಲಿಲ್ಲ. ಲಿಂಕ್ ಪರೀಕ್ಷಿಸುವ ಸಾಫ್ಟ್‌ವೇರ್‌ಗಳು 404, ಅಂದರೆ 'ಈ ಪುಟ ಇಲ್ಲ' ಅನ್ನುವ ಉತ್ತರ, ಬಂದದ್ದನ್ನು ಹಿಡಿದುಕೊಡುತ್ತವೆ. ಆದರೆ ಒಂದು ಸೈಟಿನ ಹೆಸರನ್ನು ಬೇರೆಯವರು ಕೊಂಡು ಅಲ್ಲಿ ಜಾಹೀರಾತು ತುಂಬಿಸಿದ್ದರೆ ಅವಕ್ಕೆ ಎಲ್ಲ ಸರಿಯಾಗೇ ಕಾಣುತ್ತದೆ. ಅದನ್ನು ಮನುಷ್ಯರೇ ನೋಡಬೇಕು. ಸತ್ತವುಗಳಲ್ಲಿ ನಿಜವಾಗಿ ಬೇಕಾದವನ್ನು, ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ, ಅಲ್ಲಿನ ವಿಳಾಸವನ್ನೇ ಬುಕ್‌ಮಾರ್ಕ್ ಮಾಡಿದೆವು. ಬದುಕಿರುವುದರಲ್ಲಿ ತೀರಾ ಮುಖ್ಯವಾದವನ್ನು ಅಲ್ಲೇ 'ಸೇವ್ ಪೇಜ್ ನೌ' ಒತ್ತಿ ಜೋಪಾನ ಮಾಡಿದೆವು.

ಯಾವುದು ಎಲ್ಲಿಗೆ

ಎಲ್ಲ ಕಡೆ ಒಂದೇ ಬ್ರೌಸರ್ ಬಳಸಿ ಸಿಂಕ್ ಮಾಡಿಬಿಡು ಅನ್ನುವುದು ಸುಲಭದ ಸಲಹೆ. ಅಕ್ಕನಿಗೆ ಅದು ಆಗುವುದಿಲ್ಲ. ಆಫೀಸಿನ ಕಂಪ್ಯೂಟರ್‌ನಲ್ಲಿ ಸ್ವಂತ ಅಕೌಂಟ್ ಹಾಕುವಂತಿಲ್ಲ, ಎಕ್ಸ್‌ಟೆನ್ಶನ್ ಸೇರಿಸುವಂತಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್, ಆಂಡ್ರಾಯ್ಡ್ ಫೋನ್, ಒಂದು ಐಪ್ಯಾಡ್.

ಲಿಂಕ್‌ಡಿಂಗ್ ಥರದ ಬುಕ್‌ಮಾರ್ಕ್ ಇಡುವ ಸಾಫ್ಟ್‌ವೇರನ್ನು ಸ್ವಂತ ಸರ್ವರ್‌ನಲ್ಲಿ ಹಾಕಿಕೊಡಬಹುದಿತ್ತು. ಒಳ್ಳೆಯ ಸಾಫ್ಟ್‌ವೇರ್, ಉಚಿತ, ನಿಮ್ಮ ಡೇಟಾ ನಿಮ್ಮ ಹತ್ತಿರ. ಆದರೆ ಸರ್ವರ್ ಕೆಟ್ಟ ರಾತ್ರಿ ಫೋನ್ ಬರುವುದು ನನಗೇ. ಬೇಡ ಅಂದೆ. ಫ್ಲಾಕಸ್ ಇನ್ನೊಂದು ದಾರಿ. ಬೇರೆ ಬೇರೆ ಬ್ರೌಸರ್‌ಗಳ ಬುಕ್‌ಮಾರ್ಕ್‌ಗಳನ್ನು ನೆಕ್ಸ್ಟ್‌ಕ್ಲೌಡ್ ಅಥವಾ ಗೂಗಲ್ ಡ್ರೈವ್ ಥರದ ಆನ್‌ಲೈನ್ ಫೈಲ್ ಸಂಗ್ರಹದ ಮೂಲಕ ಸಿಂಕ್ ಮಾಡುತ್ತದೆ. ನನಗಾದರೆ ಅದೇ ಇಷ್ಟ. ಅಕ್ಕನಿಗೆ ಬೇಕಿದ್ದದ್ದು ಹುಡುಕುವ ಅನುಕೂಲ.

ಕೊನೆಗೆ ಹೀಗೆ ಹಂಚಿದೆವು. ದಿನಾ ತೆರೆಯುವ ಹತ್ತು ಹನ್ನೆರಡು ಸೈಟ್‌ಗಳು ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ, ಹೆಸರು ಅಳಿಸಿ ಬರೀ ಐಕಾನ್ ಉಳಿಸಿ. ಈಗ ನಡೆಯುತ್ತಿರುವ ಅನುವಾದಕ್ಕೆ ಬ್ರೌಸರ್‌ನಲ್ಲೇ ಒಂದು ಫೋಲ್ಡರ್. ಮನೆಯ ಸಾಧನಗಳಲ್ಲೆಲ್ಲ ಫೈರ್‌ಫಾಕ್ಸ್, ಅದರದೇ ಸಿಂಕ್. ಉಳಿದ ಸಾವಿರಾರು ಆಕರ ಲಿಂಕ್‌ಗಳು ರೇನ್‌ಡ್ರಾಪ್ ಅನ್ನುವ ಬುಕ್‌ಮಾರ್ಕ್ ಸೇವೆಗೆ. ಅದು ಯಾವ ಬ್ರೌಸರ್‌ಗೂ ಅಂಟಿಕೊಂಡಿಲ್ಲ, ಫೋನಿಗೆ ಆಪ್ ಇದೆ, ಮೊದಲೇ ಹೇಳಿದ ಹೊರಬಾಗಿಲೂ ಇದೆ. ಆಫೀಸಿನ ಒಳಗಿನ ಲಿಂಕ್‌ಗಳು ಮಾತ್ರ ಆಫೀಸ್ ಕಂಪ್ಯೂಟರ್ ಬಿಟ್ಟು ಬರಲಿಲ್ಲ. 'ಲಿಂಕ್ ಇರುವ ಯಾರಾದರೂ ನೋಡಬಹುದು' ಅಂತ ಹಂಚಿದ ಫೈಲ್‌ಗಳಿರುತ್ತವಲ್ಲ, ಅಲ್ಲಿ ವಿಳಾಸವೇ ಬೀಗದ ಕೈ. ಅದನ್ನು ಹೊರಗಿನ ಸೇವೆಯಲ್ಲಿ ಇಡುವುದು ಸರಿಯಲ್ಲ.

ಹುಡುಕಿದರೆ ಸಿಗಬೇಕಲ್ಲ

ನಿಜವಾದ ಕೆಲಸ ಇಲ್ಲಿಂದ ಶುರು. ಅಕ್ಕನ ಹಳೆಯ ವ್ಯವಸ್ಥೆಯಲ್ಲಿ ಫೋಲ್ಡರ್ ಒಳಗೆ ಫೋಲ್ಡರ್ ಇತ್ತು. 'ಇತರೆ' ಇತ್ತು, 'ಇತರೆ 2' ಇತ್ತು, 'ಮುಖ್ಯ' ಇತ್ತು, 'ತುಂಬಾ ಮುಖ್ಯ' ಕೂಡ ಇತ್ತು. ಇಡುವುದಕ್ಕೆ ತೊಂದರೆ ಇರಲಿಲ್ಲ. ಹುಡುಕುವಾಗ ಎಲ್ಲಿಟ್ಟೆ ಅಂತ ನೆನಪಾಗುತ್ತಿರಲಿಲ್ಲ. ಹೈಡ್ರಾಲಿಕ್ ಪಂಪಿನ ಪದಪಟ್ಟಿ 'ಪದಕೋಶ'ದಲ್ಲಿ ಇರಬೇಕೋ 'ಯಂತ್ರ'ದಲ್ಲೋ? ಎರಡೂ ಸರಿ. ಆದ್ದರಿಂದ ಎರಡರಲ್ಲೂ ಇರುತ್ತಿರಲಿಲ್ಲ, 'ಇತರೆ'ಯಲ್ಲಿ ಇರುತ್ತಿತ್ತು.

ಟ್ಯಾಗ್ ಹಾಕೋಣ ಅಂದೆ. ಉತ್ಸಾಹದಲ್ಲಿ ಅರವತ್ತು ಟ್ಯಾಗ್ ಮಾಡಿದೆವು. ಮೂರು ವಾರಕ್ಕೆ ಮುರಿದುಬಿತ್ತು. ಒಂದೇ ವಿಷಯಕ್ಕೆ ಒಮ್ಮೆ 'ಪದಕೋಶ', ಒಮ್ಮೆ 'ಪದಪಟ್ಟಿ', ಒಮ್ಮೆ 'ಗ್ಲಾಸರಿ' ಅಂತ ಹಾಕಿದ್ದಳು. ಅದಕ್ಕಿಂತ ವಿಚಿತ್ರ ಇನ್ನೊಂದು. 'ಸಾಫ್ಟ್‌ವೇರ್' ಅಂತ ಟ್ಯಾಗ್ ಎರಡು ಇತ್ತು. ಒಂದರಲ್ಲಿ ಟ ಒತ್ತಿನ ನಂತರ ವೇ ಬಿಡಿಯಾಗಿ ನಿಂತಿತ್ತು. ಇನ್ನೊಂದರಲ್ಲಿ ವ ಒತ್ತಾಗಿ ಕೆಳಗೆ ಇಳಿದಿತ್ತು, 'ಸಾಫ್ಟ್ವೇರ್' ಅಂತ. ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವಾಗ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿತ್ತು. ಫೋನಿನ ಕೀಬೋರ್ಡ್‌ನಲ್ಲಿ ಅವಳು ಅದನ್ನು ಹಾಕಿರಲಿಲ್ಲ. ನಮಗೆ ಒಂದೇ ಪದ, ಕಂಪ್ಯೂಟರ್‌ಗೆ ಎರಡು. ಬುಕ್‌ಮಾರ್ಕ್ ಅನ್ನುವ ಪದಕ್ಕೂ ಇದೇ ಗತಿ.

ವಿಳಾಸದಿಂದ ಗುರುತು ಹಿಡಿಯುವುದಂತೂ ಕನ್ನಡದಲ್ಲಿ ಆಗದ ಮಾತು. ಕನ್ನಡ ಅಕ್ಷರವಿರುವ ವಿಳಾಸವನ್ನು ಕಾಪಿ ಮಾಡಿ ಅಂಟಿಸಿ ನೋಡಿ. ಒಂದೊಂದು ಅಕ್ಷರ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ, ಶೇಕಡಾ ಗುರುತುಗಳ ಸರಮಾಲೆ ಆಗಿಬಿಡುತ್ತದೆ. 'ಕನ್ನಡ' ಅನ್ನುವ ಒಂದು ಪದಕ್ಕೇ 45 ಚಿಹ್ನೆ.

ಹಾಗಾಗಿ ಉಳಿದದ್ದು ಶೀರ್ಷಿಕೆ. ಕಂಟ್ರೋಲ್ ಹಿಡಿದು ಡಿ ಒತ್ತಿದಾಗ ಒಂದು ಸಣ್ಣ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ಪುಟದ ಹೆಸರು ತಾನಾಗಿಯೇ ತುಂಬಿರುತ್ತದೆ. ಎಲ್ಲರೂ ಅದನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತೇವೆ. ಅಕ್ಕನ ಪಟ್ಟಿಯಲ್ಲಿ 'ಹೋಮ್' ಅನ್ನುವ ಹೆಸರಿನವು ಹಲವು, 'ಅನ್‌ಟೈಟಲ್ಡ್' ಹಲವು, 'ಅನೆಕ್ಸ್ 3 ಫೈನಲ್' ಅಂತ ಒಂದು. ಆ ಕೊನೆಯದೇ ಅವಳು ಆ ರಾತ್ರಿ ಹುಡುಕಿದ ಪದಕೋಶ! ಡಿಲೀಟ್ ಆಗದಿದ್ದರೂ ಅದು ಅವಳಿಗೆ ಸಿಗುತ್ತಿರಲಿಲ್ಲ. ಹುಡುಕಿದ್ದು "ಪಂಪ್ ಪದಕೋಶ" ಅಂತ. ಆ ಎರಡು ಪದಗಳಲ್ಲಿ ಒಂದೂ ಅದರ ಹೆಸರಲ್ಲಿ ಇರಲಿಲ್ಲ.

ಆಮೇಲೆ ಒಂದೇ ನಿಯಮ ಮಾಡಿಕೊಂಡೆವು. ಉಳಿಸುವಾಗ ಹೆಸರಿನ ಮುಂದೆ ಎರಡು ಮೂರು ಪದ ಬರೆಯಬೇಕು. ಆರು ತಿಂಗಳ ನಂತರ ಇದನ್ನು ಹುಡುಕುವಾಗ ಬಾಯಿಗೆ ಬರುವ ಪದಗಳು ಯಾವುವೋ ಅವು. ಕನ್ನಡದಲ್ಲಿ ಒಂದು, ಇಂಗ್ಲಿಷ್ ಅಕ್ಷರದಲ್ಲಿ ಒಂದು. 'ಅನೆಕ್ಸ್ 3 ಫೈನಲ್' ಈಗ 'ಪಂಪ್ ಪದಕೋಶ, ಬಿಡಿಭಾಗ ಚಿತ್ರ ಸಮೇತ'. ಟ್ಯಾಗ್‌ಗಳು ಹನ್ನೆರಡಕ್ಕೆ ಇಳಿದವು. ಹೊಸ ಟ್ಯಾಗ್ ಬೇಕು ಅನಿಸಿದರೆ ಅವಳು ಮೊದಲು ನನಗೆ ಹೇಳಬೇಕು ಅಂತ ತಮಾಷೆಗೆ ಅಂದಿದ್ದೆ. ನಿಜವಾಗಲೂ ಹೇಳುತ್ತಾಳೆ.

ಎರಡು ಸಾವಿರಕ್ಕೂ ಹೊಸ ಹೆಸರು ಬರೆಯಲು ಹೋಗಲಿಲ್ಲ. ಅದು ಮುಗಿಯದ ಕೆಲಸ. ಹಳೆಯದನ್ನು ಯಾವತ್ತು ಹುಡುಕಿ ಕಷ್ಟಪಟ್ಟು ಕಂಡುಹಿಡಿಯುತ್ತಾಳೋ ಆವತ್ತೇ ಅದರ ಹೆಸರು ತಿದ್ದುತ್ತಾಳೆ. ಯಾರೂ ಹುಡುಕದ್ದು ಹಾಗೇ ಇರಲಿ.

ಫೈರ್‌ಫಾಕ್ಸ್‌ನ ಒಂದು ಹಳೆಯ ಸೌಲಭ್ಯ ಅವಳಿಗೆ ತುಂಬಾ ಹಿಡಿಸಿತು. ಬುಕ್‌ಮಾರ್ಕ್‌ಗೆ ಒಂದು ಕೀವರ್ಡ್ ಕೊಡಬಹುದು. ನಿಘಂಟಿನ ಹುಡುಕಾಟದ ವಿಳಾಸದಲ್ಲಿ ಪದ ಬರುವ ಜಾಗದಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಕ್ಷರ ಹಾಕಿ, ಕೀವರ್ಡ್ 'ನಿ' ಅಂತ ಇಟ್ಟೆ. ಈಗ ವಿಳಾಸದ ಪಟ್ಟಿಯಲ್ಲಿ 'ನಿ' ಅಂತ ಹೊಡೆದು, ಜಾಗ ಬಿಟ್ಟು ಪದ ಬರೆದರೆ ನೇರವಾಗಿ ಅರ್ಥದ ಪುಟ. ಬುಕ್‌ಮಾರ್ಕ್‌ಗಳಲ್ಲಿ ಮಾತ್ರ ಹುಡುಕಲು ಮೊದಲು ಒಂದು ನಕ್ಷತ್ರ ಚಿಹ್ನೆ ಹಾಕಿ ಜಾಗ ಬಿಟ್ಟರೆ ಆಯಿತು. ಆಫೀಸಿನ ಕ್ರೋಮ್‌ನಲ್ಲಿ ಅದೇ ಕೆಲಸಕ್ಕೆ ಅಟ್ ಚಿಹ್ನೆ ಹಾಕಿ ಬುಕ್‌ಮಾರ್ಕ್ಸ್ ಅಂತ ಇಂಗ್ಲಿಷ್‌ನಲ್ಲಿ ಹೊಡೆಯುತ್ತಾಳೆ.

ಆರು ತಿಂಗಳ ನಂತರ

ತಿಂಗಳ ಮೊದಲ ಭಾನುವಾರ ಎಕ್ಸ್‌ಪೋರ್ಟ್ ಮಾಡುತ್ತಾಳೆ. ಎರಡು ಫೈಲ್, ಒಂದು ಬ್ರೌಸರ್‌ನದು, ಒಂದು ರೇನ್‌ಡ್ರಾಪ್‌ನದು. ಪೆನ್‌ಡ್ರೈವ್‌ಗೆ ಒಂದು ಪ್ರತಿ, ನನಗೆ ಇಮೇಲ್‌ನಲ್ಲಿ ಒಂದು. ಎರಡು ಸಲ ತಪ್ಪಿಸಿದ್ದಾಳೆ. ಕೇಳಿದರೆ "ಹಿಂದಿನ ತಿಂಗಳದ್ದು ಇದೆಯಲ್ಲ" ಅನ್ನುತ್ತಾಳೆ. ಅದೂ ಸರಿಯೇ.

ಹೊಸದಾಗಿ ಉಳಿಸುವ ಲಿಂಕ್‌ಗಳು ಕಡಿಮೆ ಆಗಿವೆ. ಹೆಸರು ಬರೆಯಬೇಕಲ್ಲ ಅನ್ನುವ ಸೋಮಾರಿತನವೇ ಅರ್ಧ ಸೋಸುತ್ತದೆ ಅಂತ ಅವಳ ಅಂಬೋಣ. ತನಗೆ ತಾನೇ ವಾಟ್ಸ್‌ಆಪ್ ಮಾಡಿಕೊಳ್ಳುವುದು ನಿಂತಿಲ್ಲ, ಆದರೆ ವಾರಕ್ಕೊಮ್ಮೆ ಅಲ್ಲಿಂದ ತೆಗೆದು ಜಾಗಕ್ಕೆ ಸೇರಿಸುತ್ತಾಳೆ. ಹಳೆಯ ಲ್ಯಾಪ್‌ಟಾಪ್ ಮತ್ತೆ ಬೀರು ಸೇರಿದೆ. ಅದರ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: "ಆನ್ ಮಾಡುವ ಮೊದಲು ತಮ್ಮನಿಗೆ ಫೋನ್ ಮಾಡು."

ಫೋನಿನಲ್ಲಿ ಟ್ಯಾಬ್‌ಗಳ ಲೆಕ್ಕದ ಜಾಗದಲ್ಲಿ ಇನ್ನೂ ಆ ನಗುಮುಖವೇ ಇದೆ. ಅದರ ತಂಟೆಗೆ ಮಾತ್ರ ಹೋಗಬೇಡ ಅಂದಿದ್ದಾಳೆ.